ಬೆಳಕು ಬಂದ ಕಡೆ ನೋಡಬೇಡಿ

ಗ್ರೋನಿಂಗನ್, ನವೆಂಬರು, ಮೂರನೇ ಮಹಡಿ.
ಕಿಟಕಿಯಿಲ್ಲದ ಕೋಣೆ. ಗೋಡೆಗೆ ಬೂದು ಸ್ಪಂಜು.
ಬಂದವರು ಹರ್ಮಾನ್ನುಸ್ ವೀರ್ಸ್ಮಾ, ಎಪ್ಪತ್ತೊಂದು,
ಮೂವತ್ತೆಂಟು ವರ್ಷ ಕಾಲುವೆಯ ಸೇತುವೆ ಎತ್ತಿದವರು,
ಇಳಿಸಿದವರು.
ಟೊಪ್ಪಿಗೆ ತೊಡೆಯ ಮೇಲಿಟ್ಟು ಕೂತರು,
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.

ನನ್ನ ಕೆಲಸ ಹಾಳೆಯಲ್ಲಿದ್ದುದನ್ನು ಓದುವುದು.
ಇಲ್ಲದ್ದನ್ನು ಆಡಕೂಡದು.
ಭೇಷ್ ಎನ್ನಕೂಡದು. ತಲೆಯಾಡಿಸಕೂಡದು.
ಈ ಕೋಣೆಯಲ್ಲಿ ನನ್ನ ಹುಬ್ಬು ಕೂಡ ನನ್ನದಲ್ಲ.

ಮೊದಲು ಬಣ್ಣ.
‘ಕೆಂಪು’ ಎಂಬ ಪದ ನೀಲಿ ಮಸಿಯಲ್ಲಿ ಬಂತು.
ಪದ ಓದಬೇಡಿ, ಮಸಿಯ ಬಣ್ಣ ಹೇಳಿ.
ಆರನೇ ವಯಸ್ಸಿಗೆ ಕಲಿತ ಓದು
ಕರೆಯದ ನೆಂಟನ ಹಾಗೆ ಮೊದಲೇ ಬಂದು ಕೂತಿರುತ್ತದೆ;
ಅದನ್ನೆಬ್ಬಿಸಿ ಕಳಿಸಿ, ಆಮೇಲೆ ‘ನೀಲಿ’ ಅನ್ನಬೇಕು.
ಎಬ್ಬಿಸಲು ಹಿಡಿದ ಹೊತ್ತನ್ನು
ಸೆಕೆಂಡಿನ ಸಾವಿರದ ಪಾಲಿನಲ್ಲಿ ಅಳೆಯುತ್ತೇವೆ.
ನೂರಾ ಎಂಬತ್ತು. ಅವರ ವಯಸ್ಸಿಗೆ ಪರವಾಗಿಲ್ಲ.

ಆಮೇಲೆ ಅಕ್ಷರಗಳು, ಒಂದರ ಹಿಂದೊಂದು.
ಎರಡು ಹೆಜ್ಜೆ ಹಿಂದಿನದೇ ಮತ್ತೆ ಬಂದರೆ ಗುಂಡಿ ಒತ್ತಿ.
ಹೊಸದಕ್ಕೆ ಬಾಗಿಲು ತೆಗೆ, ಹಳೆಯದನ್ನು ಹೊರಗೆ ಹಾಕು,
ನಡುವಿನದನ್ನು ಜೋಪಾನ ಮಾಡು:
ಮೂರು ಮೊಟ್ಟೆ, ಎರಡು ಕೈ.
ಇಲ್ಲಿ ಸೋತರು. ಹದಿನಾರರಲ್ಲಿ ಏಳು ಬಿದ್ದವು.
‘ಹೋದದ್ದು ಹೋಗಲೊಲ್ಲದು ನೋಡಿ’ ಎಂದರು.
ಅದನ್ನು ಬರೆಯಲು ನನ್ನಲ್ಲಿ ಕಾಲಂ ಇರಲಿಲ್ಲ.

ಮೂರನೆಯದು: ಗದ್ದವನ್ನು ಪಟ್ಟಿಯ ಮೇಲಿಡಿ.
ಚುಕ್ಕೆ ಎಡಕ್ಕೆ ಮಿನುಗಿದರೆ ಬಲಕ್ಕೆ ನೋಡಿ,
ಬಲಕ್ಕೆ ಮಿನುಗಿದರೆ ಎಡಕ್ಕೆ.
ಬೆಳಕು ಬಂದ ಕಡೆ ನೋಡಬೇಡಿ.
ಕಣ್ಣಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.
ಇಪ್ಪತ್ತರ ಹುಡುಗರೇ ಐದಕ್ಕೊಂದು ಸಲ ಜಾರುತ್ತಾರೆ.
ವೀರ್ಸ್ಮಾ ಅವರು ಜಾರಿದ್ದು ಎಂಬತ್ತರಲ್ಲಿ ಮೂರೇ ಸಲ.
ಕ್ಯಾಮೆರಾ ಕೆಟ್ಟಿತೆಂದು ನಾನು ತಂತಿ ಅಲ್ಲಾಡಿಸಿದೆ.

‘ದೋಣಿ ಬಂದರೆ ಊರೆಲ್ಲ ದೋಣಿ ನೋಡುತ್ತೆ, ಹುಡುಗಿ.
ಹಾಯಿ ನೋಡುತ್ತೆ, ಬಾವುಟ ನೋಡುತ್ತೆ.
ನಾನು ರಸ್ತೆ ನೋಡಬೇಕಿತ್ತು.
ಗಂಟೆ ಬಾರಿಸಿದ ಮೇಲೂ
ಗೇಟಿನಡಿ ನುಸುಳುವ ಒಂದು ಸೈಕಲ್ ಇದ್ದೇ ಇರುತ್ತೆ.’
ತಲೆಯಾಡಿಸಕೂಡದು.
ಆಡಿಸಲಿಲ್ಲ. ಕತ್ತು ನೋಯಿತು.

ಕೊನೆಯದು, ಸುಲಭ ಅನ್ನಿಸುವಂಥದು.
ಟಿಕ್ ಎಂದಾಗಲೊಂದು ಅಂಕಿ, ಒಂದರಿಂದ ಒಂಬತ್ತರೊಳಗೆ,
ಯಾವ ಕ್ರಮವೂ ಇಲ್ಲದೆ, ಚೀಲದಿಂದ ಹೆಕ್ಕಿದ ಹಾಗೆ.
ಕ್ರಮ ತಪ್ಪಿಸಲು ಎಷ್ಟೊಂದು ಕಾವಲು!
ಮೂರರ ಬೆನ್ನಿಗೆ ನಾಲ್ಕು ತುಟಿಗೆ ಬರುತ್ತದೆ, ತಡೆ.
ಏಳು ಈಗಷ್ಟೇ ಆಯಿತು, ಬಿಡು.
ಒಳಗಿನ ಮೇಸ್ತ್ರಿ ಚೂರು ತೂಕಡಿಸಿದರೆ ಸಾಕು,
ಸವೆದ ದಾರಿ ಹಿಡಿದು ಕಾಲು ತಾನೇ ಹೊರಡುತ್ತದೆ.

ನೂರು ಟಿಕ್ಕಿನಲ್ಲಿ ನಾಲ್ಕು ಸಲ ಬಂತು:
ಐದು ಒಂದು ಎಂಟು ಎಂಟು ಆರು ಎರಡು.
ಎಂಟರ ಪಕ್ಕ ಎಂಟನ್ನು
ಇಲ್ಲಿ ಯಾರೂ ಬೇಕೆಂದು ಇಡುವುದಿಲ್ಲ.
ಆರು ಅಂಕಿ. ಹಳೆಯ ಫೋನ್ ನಂಬರಿನ ಉದ್ದ.
ಪ್ರತಿ ಸಲವೂ ‘ಎರಡು’ ಅಂದಮೇಲೆ
ಒಂದು ಟಿಕ್ ಖಾಲಿ ಹೋಗುತ್ತಿತ್ತು,
ಆ ಕಡೆ ಯಾರೋ ಎತ್ತಿಕೊಳ್ಳಲೆಂದು ಕಾದ ಹಾಗೆ.

ಯಾರದು? ನಾಲಿಗೆಯ ತುದಿಗೆ ಬಂತು.
ಹಾಳೆಯಲ್ಲಿರಲಿಲ್ಲ.
ಪುನರಾವರ್ತನೆ ಹೆಚ್ಚು, ತಡೆಯುವ ಶಕ್ತಿ ಕಡಿಮೆ,
ಎಂದು ಬರೆದೆ.
ಹದಿನೈದು ಯೂರೋ ಎಣಿಸಿ ಕೊಟ್ಟೆ, ಸಹಿ ತಗೊಂಡೆ.
ಟೊಪ್ಪಿಗೆ ಬಿಟ್ಟು ಹೋಗಿದ್ದರು. ಬಂದು ತಗೊಂಡು ಹೋದರು.

ಸಂಜೆ ಸೈಕಲ್ ಹತ್ತಿ ಹೊರಟರೆ ಸೇತುವೆ ಎದ್ದು ನಿಂತಿತ್ತು.
ಕಾವಲು ಗೂಡಿನಲ್ಲಿ ಯಾರೂ ಇಲ್ಲ;
ಈಗ ಎತ್ತುವುದು ಎಲ್ಲೋ ಪರದೆಯ ಮುಂದೆ ಕೂತವರು.
ಗಂಟೆ. ಮರಳು ಹೊತ್ತ ಹಡಗು, ನೀರಿಗೆ ಹೊಟ್ಟೆ ತಾಗಿಸಿಕೊಂಡು.
ಎಲ್ಲರ ಮುಖ ಅತ್ತ.
ನಾನು ನೋಡಲಿಲ್ಲ ಎಂದು ಬರೆಯುವ ಆಸೆ.
ನೋಡಿದೆ. ಹಡಗಿನ ಹಿಂಬದಿಯಲ್ಲಿ
ಒಣಹಾಕಿದ ಹಳದಿ ಅಂಗಿ, ಒಂದು ತೋಳು ತಿರುವಿಕೊಂಡಿತ್ತು.
ಬಾಯಲ್ಲಿ ಮಾತ್ರ ಐದು, ಒಂದು, ಎಂಟು, ಎಂಟು,
ಆರು ಅನ್ನುವಷ್ಟರಲ್ಲಿ
ಗೇಟು ಎದ್ದಿತು.